ಸ್ಕಾಟ್ಸ್-ಐರಿಷ್ ಮನೆತನಗಳ ಮೂಲಾನ್ವೇಷಣೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಸ್ಕಾಟ್ಸ್-ಐರಿಷರೆಂದು ಹೆಸರಾದ ಒಂದು ಜನವರ್ಗವುಂಟು. ಇವರ ಪೂರ್ವಿಕರು ಬಹುಮಟ್ಟಿಗೆ ಸ್ಕಾಟ್ಲೆಂಡಿನ ತಗ್ಗುನಾಡಿನಿಂದ ಹೊರಟು ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನ ಉತ್ತರಭಾಗವಾದ ಅಲ್‌ಸ್ಟರ್ ಪ್ರಾಂತದಲ್ಲಿ ನೆಲಸಿದರು; ಹದಿನೆಂಟನೆಯ ಶತಮಾನದಲ್ಲಿ ಅವರ ಮೊಮ್ಮಕ್ಕಳೂ ಮರಿಮಕ್ಕಳೂ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕೆಯ ವಸಾಹತುಗಳನ್ನು ಸೇರಿದರು. ಹೀಗೆ ಎರಡು ಶತಮಾನಗಳಲ್ಲಿ ಎರಡು ಸಲ ನೆಲೆ ಬದಲಿಸಿದ ಮನೆತನಗಳ ಮೂಲವನ್ನು ಅರಸುವುದು ಸುಲಭವಾದ ಕಾರ್ಯವಲ್ಲ. ಮನೆಯ ಹಿರಿಯರು ಹೇಳುತ್ತ ಬಂದ ಮಾತು ಒಂದಾದರೆ, ಉಳಿದಿರುವ ಲಿಖಿತಾಧಾರಗಳು ಹೇಳುವುದು ಮತ್ತೊಂದಾಗಿರುವುದುಂಟು. ಈ ಅನ್ವೇಷಣೆಯಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಾಸನಗಳನ್ನು ಓದುವವರಿಗೆ ಈ ಸಮಸ್ಯೆ ಹೊಸದಲ್ಲ. ತಾಮ್ರಪಟದ ಪ್ರಶಸ್ತಿಭಾಗವು ರಾಜನ ವಂಶವನ್ನು ಚಂದ್ರನವರೆಗೂ ಕೊಂಡೊಯ್ಯುತ್ತದೆ. ಚರಿತ್ರಕಾರನಾದರೋ ದತ್ತಿಯ ಭಾಗದಲ್ಲಿರುವ ಊರು, ಎಲ್ಲೆ, ತಿಥಿ, ಸಾಕ್ಷಿಗಳನ್ನೇ ಹೆಚ್ಚಾಗಿ ಆಶ್ರಯಿಸುತ್ತಾನೆ. ಸ್ಕಾಟ್ಸ್-ಐರಿಷ್ ವಂಶಚರಿತ್ರೆಯಲ್ಲಿಯೂ ಈ ಎರಡು ಅಂಶಗಳಿವೆ. ಪ್ರಶಸ್ತಿಯ ಅಂಶವು ಆ ಹೆಸರಿನಿಂದಲೇ ಮೊದಲಾಗುತ್ತದೆ.

‘ಸ್ಕಾಚ್-ಐರಿಷ್’ ಎಂಬ ಮಾತು ಹಳೆಯದೇ. ಇಂಗ್ಲೆಂಡಿನ ಎಲಿಜಬೆತ್ ರಾಣಿಯು ೧೫೭೩ರಲ್ಲಿ ಅದನ್ನು ಬಳಸಿದ್ದಾಳೆ. ಆದರೆ ಆಕೆಯ ಮನಸ್ಸಿನಲ್ಲಿದ್ದವರು ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಿಂದ ಆಂಟ್ರಿಮ್ ಕರಾವಳಿಗೆ ಬಂದಿದ್ದ ಗೇಲಿಕ್ ಭಾಷೆಯ ಯೋಧರು. ಮುಂದೆ ಅಮೆರಿಕೆಗೆ ಹೋದ ಪ್ರಾಟೆಸ್ಟೆಂಟ್ ಒಕ್ಕಲಿಗರಲ್ಲ. ಈ ಒಕ್ಕಲಿಗರು ಅಲ್‌ಸ್ಟರಿನಲ್ಲಿದ್ದಾಗ ತಮ್ಮನ್ನು ಸ್ಕಾಟರೆಂದೋ ಉತ್ತರದ ಪ್ರೆಸ್ಬಿಟೇರಿಯನ್ನರೆಂದೋ ಕರೆದುಕೊಳ್ಳುತ್ತಿದ್ದರು. ಅಮೆರಿಕೆಯಲ್ಲಿ ಇತರರು ಅವರನ್ನು ಕೇವಲ ಐರಿಷರೆಂದೇ ಕರೆದರು. ಇದರಿಂದ ನೊಂದ ಪಾದ್ರಿ ಜೇಮ್ಸ್ ಮೆಕ್‌ಗ್ರೆಗರ್ ೧೭೨೦ರಲ್ಲಿ ಮ್ಯಾಸಚೂಸೆಟ್ಸಿನ ಗವರ್ನರನಿಗೆ ಬರೆದು ಪ್ರತಿಭಟಿಸಿದನು. ೧೮೪೫ರಲ್ಲಿ ಮೊದಲಾದ ಆಲೂಗಡ್ಡೆಯ ಕ್ಷಾಮದಿಂದ ಕಂಗೆಟ್ಟು ಲಕ್ಷಾಂತರ ಕ್ಯಾಥೋಲಿಕ್ ಐರಿಷರು ಅಮೆರಿಕೆಗೆ ಬಂದ ಮೇಲೆ, ಹಿಂದೆಯೇ ಬಂದು ನೆಲಸಿದ್ದವರು ತಮ್ಮನ್ನು ಅವರಿಂದ ಪ್ರತ್ಯೇಕಿಸಿಕೊಳ್ಳಲೋಸುಗ ‘ಸ್ಕಾಚ್-ಐರಿಷ್’ ಎಂಬ ಹೆಸರನ್ನು ಹೆಚ್ಚಾಗಿ ಹಿಡಿದರು. ೧೮೮೯ರಲ್ಲಿ ಟೆನೆಸಿ ಸಂಸ್ಥಾನದ ಕೊಲಂಬಿಯಾ ಪಟ್ಟಣದಲ್ಲಿ ಈ ಹೆಸರಿನ ಮೊದಲ ಮಹಾಸಮ್ಮೇಳನವು ನೆರೆಯಿತು. ಆದುದರಿಂದ ಮನೆಯೊಂದರ ಬೈಬಲಿನಲ್ಲಿ ಈ ಪದ ಬರೆದಿದ್ದರೆ, ಅದು ಮೊದಲು ವಲಸೆ ಬಂದವನ ಮಾತಾಗಿರದೆ ಅವನ ಮೊಮ್ಮಗನ ಅಥವಾ ಮರಿಮಗನ ಮಾತಾಗಿರಬಹುದೆಂಬುದನ್ನು ಮರೆಯಬಾರದು.

ಇನ್ನು ವಸ್ತುಸ್ಥಿತಿಗೆ ಬರೋಣ. ಸ್ಕಾಟ್ಲೆಂಡಿಗೂ ಅಲ್‌ಸ್ಟರಿಗೂ ನಡುವಿನ ಕಡಲು ಅತಿ ಕಿರಿದಾದ ಸ್ಥಳದಲ್ಲಿ ಸುಮಾರು ೧೨ ಮೈಲಿ ಮಾತ್ರ. ಈ ಕಾಲುವೆಯನ್ನು ಜನರು ಅತ್ತಿಂದಿತ್ತ ದಾಟುತ್ತಿದ್ದುದು ಅನಾದಿಯಿಂದ ಬಂದ ವಾಡಿಕೆ. ೧೬೦೩ರಲ್ಲಿ ಸ್ಕಾಟ್ಲೆಂಡಿನ ಆರನೆಯ ಜೇಮ್ಸನು ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ ಮೇಲೆ ಅದು ರಾಜನೀತಿಯ ಸಾಧನವಾಯಿತು. ೧೬೦೬ರಿಂದ ಎರ್‌ಷೈರಿನ ಹ್ಯೂ ಮಾಂಟ್‌ಗೊಮರಿ, ಜೇಮ್ಸ್ ಹ್ಯಾಮಿಲ್ಟನ್ ಎಂಬ ಇಬ್ಬರು ಡೌನ್ ಮತ್ತು ಆಂಟ್ರಿಮ್ ಸೀಮೆಗಳಿಗೆ ತಮ್ಮ ನಾಡಿನ ಒಕ್ಕಲುಗಳನ್ನು ಕರೆತಂದರು. ೧೬೦೭ರಲ್ಲಿ ಅಲ್‌ಸ್ಟರಿನ ಗೇಲಿಕ್ ನಾಯಕರು ದೇಶವನ್ನು ಬಿಟ್ಟು ಹೋದರು. ಅವರ ಆರು ಸೀಮೆಗಳ ಭೂಮಿಯನ್ನು ದೊರೆಯು ವಶಪಡಿಸಿಕೊಂಡು, ೧೬೦೯-೧೦ರಿಂದ ಸ್ಕಾಟ್ ಮತ್ತು ಇಂಗ್ಲಿಷ್ ಪ್ರಭುಗಳಿಗೂ ಲಂಡನ್ನಿನ ವರ್ತಕಸಂಘಗಳಿಗೂ ಹಂಚಿಕೊಟ್ಟನು. ಆ ನೆಲದ ಹಿಂದಿನ ಒಡೆಯರ ಮಕ್ಕಳು ಅನೇಕರು ಅದೇ ನೆಲದಲ್ಲಿ ಗೇಣಿದಾರರಾಗಿ ಉಳಿದರು. ಒಬ್ಬರ ವಂಶಚರಿತ್ರೆಯ ಮೊದಲ ಪುಟವು ಮತ್ತೊಬ್ಬರ ಭೂನಷ್ಟದ ಪುಟವೂ ಆಗಿದೆಯೆಂಬುದನ್ನು ಪ್ರಾಮಾಣಿಕನಾದ ಅನ್ವೇಷಕನು ಬರೆಯದಿರಲಾರನು.

ಹೀಗೆ ಬಂದವರೆಲ್ಲರೂ ಒಂದೇ ಮೂಲದವರಲ್ಲ. ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ನಡುವಣ ಗಡಿನಾಡಿನಲ್ಲಿ ದನಗಳ ಸುಲಿಗೆಯಿಂದ ಜೀವಿಸುತ್ತಿದ್ದ ಆರ್ಮ್‌ಸ್ಟ್ರಾಂಗ್, ಎಲಿಯಟ್, ಜಾನ್‌ಸ್ಟನ್ ಮುಂತಾದ ಮನೆತನಗಳವರು, ಹೊಸ ದೊರೆಯು ಗಡಿಯನ್ನು ಕಠಿಣವಾಗಿ ಹತೋಟಿಗೆ ತಂದಾಗ ಫರ್ಮನಾ ಸೀಮೆಗೆ ಬಂದು ಸೇರಿದರು. ಇಂಗ್ಲೆಂಡಿನಿಂದ ಬಂದವರೂ ಹಲವರಿದ್ದರು. ೧೬೯೦ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಬೆಳೆಗಳು ಮೇಲಿಂದ ಮೇಲೆ ಕೆಟ್ಟುದರಿಂದ ಮತ್ತೊಂದು ದೊಡ್ಡ ಪ್ರವಾಹ ಬಂದಿತು. ‘೧೬೧೦ರಲ್ಲಿ ಬಂದವರು’ ಎಂದು ಹೇಳಿಕೊಳ್ಳುವ ಎಷ್ಟೋ ಮನೆತನಗಳು ವಾಸ್ತವವಾಗಿ ಈ ಕ್ಷಾಮದ ಸಂತತಿ. ಇದಲ್ಲದೆ ಸ್ಥಳೀಯರ ಹೆಸರುಗಳೂ ಇಂಗ್ಲಿಷಿಗೆ ತಿರುಗಿದುವು. ಕ್ಯಾವನ್ ಸೀಮೆಯ ‘ಸ್ಮಿತ್’ ಎಂಬ ಮನೆಗಳಲ್ಲಿ ಹಲವು ‘ಕಮ್ಮಾರನ ಮಗ’ ಎಂಬರ್ಥದ ಗೇಲಿಕ್ ಹೆಸರಿನ ಭಾಷಾಂತರಗಳು. ಆದಕಾರಣ ಮನೆಹೆಸರೊಂದನ್ನೇ ನೆಚ್ಚಿ ಮೂಲವನ್ನು ನಿರ್ಣಯಿಸುವುದು ಸಾಹಸವಾದೀತು.

ಎರಡನೆಯ ವಲಸೆಗೆ ಕಾರಣಗಳು ಸ್ಪಷ್ಟವಾಗಿವೆ. ೧೬೮೯ರಲ್ಲಿ ಡೆರಿ ಪಟ್ಟಣದ ಮುತ್ತಿಗೆಯನ್ನು ೧೦೫ ದಿನಗಳವರೆಗೆ ತಡೆದವರಲ್ಲಿ ಪ್ರೆಸ್ಬಿಟೇರಿಯನ್ನರು ಬಹುಸಂಖ್ಯಾತರಾಗಿದ್ದರು. ಹೀಗಿದ್ದರೂ, ರಾಜಮಾನ್ಯವಾದ ಚರ್ಚಿನ ವಿಧಿಯಂತೆ ಪ್ರಸಾದ ಸ್ವೀಕರಿಸದವನು ಸರ್ಕಾರದ ಅಧಿಕಾರವನ್ನಾಗಲಿ ಪೌರಸಭೆಯ ಸ್ಥಾನವನ್ನಾಗಲಿ ವಹಿಸಕೂಡದೆಂಬ ಕಾನೂನು ೧೭೦೪ರಲ್ಲಿ ಹೊರಟಿತು. ಪಟ್ಟಣವನ್ನು ಉಳಿಸಿದವರೇ ಪಟ್ಟಣದ ಸಭೆಯಿಂದ ಹೊರಗಾದರು. ತಮ್ಮದಲ್ಲದ ಚರ್ಚಿಗೆ ಅವರು ದಶಾಂಶದ ತೆರಿಗೆಯನ್ನು ತೆರಬೇಕಾಗಿತ್ತು. ಅವರ ಪಾದ್ರಿಗಳು ಮಾಡಿಸಿದ ಮದುವೆಗಳ ಸಿಂಧುತ್ವವನ್ನು ಬಿಷಪ್ಪರ ನ್ಯಾಯಸ್ಥಾನಗಳು ಪ್ರಶ್ನಿಸುತ್ತಿದ್ದುವು. ಇದಕ್ಕೆ ಗೇಣಿಯ ಏರಿಕೆ, ಬೆಳೆಗಳ ನಷ್ಟ, ನಾರುಬಟ್ಟೆಯ ವ್ಯಾಪಾರದ ಏರಿಳಿತಗಳೂ ಸೇರಿದುವು. ಅಮೆರಿಕೆಯಿಂದ ಅಗಸೆಯ ಬೀಜವನ್ನು ತುಂಬಿಕೊಂಡು ಬಂದ ಹಡಗುಗಳು ಹಿಂದಿರುಗುವಾಗ ಜನರನ್ನು ತುಂಬಿಕೊಂಡು ಹೋದುವು. ೧೭೧೮ರಿಂದ ೧೭೭೫ರವರೆಗೆ ಹೀಗೆ ಹೋದವರು ಒಂದು ಲಕ್ಷಕ್ಕೆ ಕಡಿಮೆಯಿಲ್ಲವೆಂದೂ ಎರಡೂವರೆ ಲಕ್ಷದವರೆಗೂ ಇರಬಹುದೆಂದೂ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಂದಾಜುಗಳಲ್ಲಿ ಇಷ್ಟು ಅಂತರವಿರುವುದೇ ಆಧಾರಗಳ ಸ್ಥಿತಿಯನ್ನು ಸೂಚಿಸುತ್ತದೆ.

ಈ ಅಂತರಕ್ಕೆ ಮೊದಲ ಕಾರಣವು ಅಮೆರಿಕೆಯಲ್ಲಿಯೇ ಇದೆ. ಪೆನ್ಸಿಲ್ವೇನಿಯಾ ವಸಾಹತು ೧೭೨೭ರಿಂದ ಜರ್ಮನ್ ವಲಸೆಗಾರರ ಹೆಸರುಗಳನ್ನು ಬರೆದಿಟ್ಟಿತು. ಅವರು ಪರಕೀಯರಾದುದರಿಂದ ರಾಜನಿಷ್ಠೆಯ ಪ್ರಮಾಣವನ್ನು ಮಾಡಬೇಕಾಗಿತ್ತು. ಅಲ್‌ಸ್ಟರಿನವರಾದರೋ ಬ್ರಿಟಿಷ್ ದೊರೆಯ ಪ್ರಜೆಗಳೇ ಆಗಿದ್ದರಿಂದ ಅವರ ಪಟ್ಟಿಯನ್ನು ಯಾರೂ ಬರೆಯಲಿಲ್ಲ. ಸಂಯುಕ್ತ ಸಂಸ್ಥಾನಗಳಲ್ಲಿ ಹಡಗಿನ ಪ್ರಯಾಣಿಕರ ಪಟ್ಟಿಗಳು ಕ್ರಮವಾಗಿ ಮೊದಲಾದುದು ೧೮೨೦ರಲ್ಲಿ. ಅಷ್ಟರಲ್ಲಿ ಮುಖ್ಯವಾದ ವಲಸೆ ಮುಗಿದುಹೋಗಿತ್ತು.

ಎರಡನೆಯ ಕಾರಣವು ಡಬ್ಲಿನ್ ನಗರದ ದುರಂತ. ೧೯೨೨ರ ಜೂನ್ ೩೦ರಂದು, ಐರ್ಲೆಂಡಿನ ಅಂತಃಕಲಹದ ಆರಂಭದಲ್ಲಿ, ಫೋರ್ ಕೋರ್ಟ್ಸ್ ಎಂಬ ನ್ಯಾಯಸ್ಥಾನದ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರವು ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು. ೧೮೨೧ರಿಂದ ೧೮೫೧ರವರೆಗಿನ ನಾಲ್ಕು ಜನಗಣತಿಗಳ ಬಹುಭಾಗ, ಮರಣಶಾಸನಪತ್ರಗಳು, ರಾಜಮಾನ್ಯ ಚರ್ಚಿನ ಅರ್ಧಕ್ಕೂ ಹೆಚ್ಚು ಪ್ಯಾರಿಷ್ ಪುಸ್ತಕಗಳು ಭಸ್ಮವಾದುವು. ಎಲ್ಲ ಜನಗಣತಿಗಳೂ ಈ ಬೆಂಕಿಯಲ್ಲಿಯೇ ನಾಶವಾದುವೆಂದು ಜನರು ಹೇಳುವುದುಂಟು, ಇದು ಸರಿಯಲ್ಲ. ೧೮೬೧ರಿಂದ ೧೮೯೧ರವರೆಗಿನವುಗಳನ್ನು ಸರ್ಕಾರವೇ ಅದಕ್ಕೆ ಮುಂಚೆ ನಾಶಪಡಿಸಿತ್ತು.

ಇಲ್ಲಿ ಗಮನಿಸತಕ್ಕ ವಿಶೇಷವೊಂದಿದೆ. ರಾಜಮಾನ್ಯ ಚರ್ಚಿನ ಪುಸ್ತಕಗಳನ್ನು ಸಾರ್ವಜನಿಕ ದಾಖಲೆಗಳೆಂದು ಪರಿಗಣಿಸಿದುದರಿಂದಲೇ ಅವು ಡಬ್ಲಿನ್ನಿಗೆ ಹೋಗಿ ಬೆಂಕಿಗೆ ಸಿಕ್ಕಿದುವು. ಪ್ರೆಸ್ಬಿಟೇರಿಯನ್ ಸಭೆಗಳ ಪುಸ್ತಕಗಳನ್ನು ಸರ್ಕಾರವು ಹಾಗೆ ಪರಿಗಣಿಸಲಿಲ್ಲ. ಅವು ಹಳ್ಳಿಗಳ ಸಭಾಮಂದಿರಗಳಲ್ಲಿಯೂ ಪಾದ್ರಿಗಳ ಮನೆಗಳಲ್ಲಿಯೂ ಉಳಿದು ರಕ್ಷಿತವಾದುವು. ಅಧಿಕಾರದಿಂದ ಹೊರಗಿಟ್ಟುದೇ ಆ ಜನರ ಬರಹಗಳನ್ನು ಕಾಪಾಡಿತೆನ್ನಬಹುದು. ಆದರೆ ಈ ಸಮಾಧಾನಕ್ಕೂ ಮಿತಿಯುಂಟು: ಆ ಪುಸ್ತಕಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾದವು. ೧೭೧೮ರಲ್ಲಿಯೋ ೧೭೫೦ರಲ್ಲಿಯೋ ಹಡಗು ಹತ್ತಿದವನ ಜನ್ಮದಿನವು ಅವುಗಳಲ್ಲಿ ದೊರೆಯುವುದು ಅಪೂರ್ವ.

ಹಾಗಾದರೆ ಅನ್ವೇಷಕನಿಗೆ ಉಳಿದ ದಾರಿ ಯಾವುದು? ಹದಿನೇಳನೆಯ ಶತಮಾನಕ್ಕೆ, ಸ್ಕಾಟರಿಗೆ ಐರ್ಲೆಂಡಿನಲ್ಲಿ ಭೂಮಿ ಹೊಂದುವ ಹಕ್ಕನ್ನು ಕೊಟ್ಟ ರಾಜಪತ್ರಗಳಿವೆ. ೧೬೩೦ರ ಸುಮಾರಿನಲ್ಲಿ ಜಮೀನ್ದಾರನ ಅಧೀನದ ಗಂಡಸರನ್ನೂ ಅವರ ಆಯುಧಗಳನ್ನೂ ಎಣಿಸಿದ ಸೈನ್ಯಪಟ್ಟಿಯಿದೆ. ೧೬೬೦ರ ದಶಕದ ಒಲೆತೆರಿಗೆಯ ಪಟ್ಟಿಗಳ ಮೂಲಗಳು ನಷ್ಟವಾದರೂ ಹಲವು ಸೀಮೆಗಳ ಪ್ರತಿಗಳು ಉಳಿದಿವೆ. ಮುಂದಿನ ಶತಮಾನಕ್ಕೆ, ಅಗಸೆ ಬೆಳೆದವರಿಗೆ ನೂಲುವ ರಾಟೆಗಳನ್ನು ಬಹುಮಾನವಾಗಿ ಕೊಟ್ಟ ೧೭೯೬ರ ಪಟ್ಟಿಯಿದೆ. ೧೯೦೮ರಲ್ಲಿ ವೃದ್ಧಾಪ್ಯವೇತನದ ಕಾನೂನು ಬಂದಾಗ, ಜನನಪತ್ರವಿಲ್ಲದ ಮುದುಕರು ತಮ್ಮ ವಯಸ್ಸನ್ನು ಸಿದ್ಧಪಡಿಸಲು ೧೮೪೧, ೧೮೫೧ರ ಜನಗಣತಿಗಳಿಂದ ತಮ್ಮ ತಾಯಿತಂದೆಗಳ ವಿವರವನ್ನು ತೆಗೆಸಿದರು. ಮೂಲವು ಸುಟ್ಟುಹೋದರೂ ಆ ಉದ್ಧೃತಿಗಳು ಉಳಿದುವು. ಬಡವರ ಅಲ್ಪ ವೇತನದ ಅರ್ಜಿಯೇ ಇಲ್ಲಿ ಚರಿತ್ರೆಗೆ ಆಧಾರವಾಯಿತು. ಸುಟ್ಟ ಭಂಡಾರದ ಪ್ರತಿಗಳನ್ನು ದೇಶದೇಶಗಳಿಂದ ಕೂಡಿಸಿ ೨೦೨೨ರಲ್ಲಿ ಗಣಕಯಂತ್ರದ ಮೂಲಕ ಸರ್ವರಿಗೂ ದೊರೆಯುವಂತೆ ಮಾಡಿದುದೂ ಉಲ್ಲೇಖಾರ್ಹವಾಗಿದೆ.

ಈ ಆಧಾರಗಳನ್ನು ಉಪಯೋಗಿಸುವಾಗ ಒಂದು ಸೂತ್ರವು ಬಹು ಸಹಾಯಕವಾದುದು: ಒಬ್ಬನನ್ನೇ ಹುಡುಕಬಾರದು, ಅವನ ನೆರೆಯವರನ್ನೂ ಹುಡುಕಬೇಕು. ಈ ಜನರು ಅನೇಕ ಸಲ ಸಭೆಸಭೆಯಾಗಿ ವಲಸೆ ಹೋದರು. ಅಹಡೋವಿ ಊರಿನ ಪಾದ್ರಿ ಮೆಕ್‌ಗ್ರೆಗರನ ಜನರು ೧೭೧೮ರಲ್ಲಿ ಬಾಸ್ಟನ್ನಿಗೆ ಬಂದು, ಮರುವರ್ಷ ನಟ್‌ಫೀಲ್ಡ್ ಎಂಬಲ್ಲಿ ನೆಲಸಿ, ೧೭೨೨ರಲ್ಲಿ ಅದಕ್ಕೆ ಲಂಡನ್‌ಡೆರಿ ಎಂದು ತಮ್ಮ ನಾಡಿನ ಹೆಸರನ್ನಿಟ್ಟರು. ೧೭೭೨ರಲ್ಲಿ ಪಾದ್ರಿ ವಿಲಿಯಂ ಮಾರ್ಟಿನನ ಹಿಂದೆ ಐದು ಹಡಗುಗಳ ಜನರು ದಕ್ಷಿಣ ಕ್ಯಾರೊಲೈನಾವನ್ನು ಸೇರಿದರು. ಅಮೆರಿಕೆಯಲ್ಲಿ ಅಕ್ಕಪಕ್ಕದ ಹೊಲಗಳನ್ನು ಹಿಡಿದ ಐದಾರು ಮನೆಹೆಸರುಗಳು ಅಲ್‌ಸ್ಟರಿನ ಒಂದೇ ಪ್ಯಾರಿಷಿನ ಪಟ್ಟಿಯಲ್ಲಿ ಕೂಡಿ ಕಂಡುಬಂದರೆ, ಅದು ಒಂಟಿ ಹೆಸರಿಗಿಂತ ಬಲವಾದ ಸಾಕ್ಷ್ಯ.

ಆದರೆ ಪಟ್ಟಿಗಳನ್ನೂ ಎಚ್ಚರಿಕೆಯಿಂದ ಓದಬೇಕು. ೧೭೧೮ರ ಮಾರ್ಚ್ ತಿಂಗಳಲ್ಲಿ ಅಲ್‌ಸ್ಟರಿನ ಮುನ್ನೂರಕ್ಕೂ ಹೆಚ್ಚು ಮಂದಿ ಗವರ್ನರ್ ಷೂಟನಿಗೆ ಬಿನ್ನವತ್ತಳೆಯನ್ನು ಕಳುಹಿಸಿದರು. ಬಹುಮಂದಿ ಸ್ವಹಸ್ತದಿಂದ ರುಜು ಹಾಕಿರುವುದು ಅವರ ಅಕ್ಷರಜ್ಞಾನಕ್ಕೆ ನಿದರ್ಶನ. ಹಲವು ಮನೆತನಗಳು ಇದನ್ನೇ ಪ್ರಯಾಣಿಕರ ಪಟ್ಟಿಯೆಂದು ಭಾವಿಸಿವೆ. ಆದರೆ ರುಜು ಹಾಕಿದವರಲ್ಲಿ ಅನೇಕರು ಹಡಗನ್ನು ಹತ್ತಲೇ ಇಲ್ಲ. ಅವರು ಬಯಸಿದರು, ಹೋಗಲಿಲ್ಲ.

ಸಂಖ್ಯಾಶಾಸ್ತ್ರವೂ ಜೀವಶಾಸ್ತ್ರವೂ ಈ ಕೊರತೆಯನ್ನು ಪೂರ್ತಿಯಾಗಿ ತುಂಬಲಾರವು. ೧೭೯೦ರ ಅಮೆರಿಕೆಯ ಜನಗಣತಿಯ ಮನೆಹೆಸರುಗಳನ್ನು ಪರಿಶೀಲಿಸಿದ ೧೯೩೧ರ ವರದಿಯೊಂದು ಬಿಳಿಯ ಜನರಲ್ಲಿ ನೂರಕ್ಕೆ ಸುಮಾರು ೬ ಮಂದಿ ಅಲ್‌ಸ್ಟರ್ ಮೂಲದವರೆಂದು ಗಣಿಸಿತು. ಆದರೆ ಸ್ಕಾಟ್ಲೆಂಡಿನಿಂದ ನೇರವಾಗಿ ಬಂದವನಿಗೂ ಅಲ್‌ಸ್ಟರಿನ ಮೂಲಕ ಬಂದವನಿಗೂ ಹೆಸರು ಒಂದೇ ಆಗಿರುವಾಗ ಈ ವಿಭಾಗವು ಸಂದೇಹಾಸ್ಪದವೇ. ಇತ್ತೀಚಿನ ವಂಶವಾಹಿ ಪರೀಕ್ಷೆಗಳಲ್ಲಿ ಪಿತೃಸಂತತಿಯ ಒಂದು ಪ್ರಸಿದ್ಧ ಗುರುತು ಐರ್ಲೆಂಡಿನ ವಾಯವ್ಯದಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ದೊರೆಯುತ್ತದೆ. ೧೨ ಮೈಲಿಯ ಕಡಲು ಹೆಸರನ್ನು ಬೇರ್ಪಡಿಸದಂತೆಯೇ ರಕ್ತವನ್ನೂ ಬೇರ್ಪಡಿಸಲಿಲ್ಲ.

ಈ ವರ್ಗದ ಅತ್ಯಂತ ಪ್ರಸಿದ್ಧನ ಉದಾಹರಣೆಯೇ ಸಾಕು. ಸಂಯುಕ್ತ ಸಂಸ್ಥಾನಗಳ ಏಳನೆಯ ಅಧ್ಯಕ್ಷನಾದ ಆಂಡ್ರೂ ಜ್ಯಾಕ್ಸನನ ತಾಯಿತಂದೆಗಳು ಆಂಟ್ರಿಮ್ ಸೀಮೆಯ ಕ್ಯಾರಿಕ್‌ಫರ್ಗಸ್ ಪ್ರದೇಶದಿಂದ ೧೭೬೫ರಲ್ಲಿ ಹೊರಟವರು. ತಂದೆಯು ಮಗ ಹುಟ್ಟುವುದಕ್ಕೆ ಮುಂಚೆಯೇ ತೀರಿಕೊಂಡನು. ೧೭೬೭ರಲ್ಲಿ ಮಗನು ಹುಟ್ಟಿದುದು ಉತ್ತರ ಕ್ಯಾರೊಲೈನಾದಲ್ಲಿಯೋ ದಕ್ಷಿಣ ಕ್ಯಾರೊಲೈನಾದಲ್ಲಿಯೋ ಎಂಬ ವಿವಾದವು ಇನ್ನೂ ಮುಗಿದಿಲ್ಲ. ರಾಷ್ಟ್ರಾಧ್ಯಕ್ಷನ ವಿಷಯದಲ್ಲಿಯೇ ಸ್ಥಿತಿ ಹೀಗಿರುವಾಗ, ದುಡಿಮೆಯ ಕರಾರಿಗೆ ಒಳಪಟ್ಟು ಹಡಗಿನ ಕೂಲಿಯನ್ನು ತೀರಿಸಿದ ಆಳಿನ ಅಥವಾ ಮದುವೆಯಾಗಿ ತವರಿನ ಹೆಸರನ್ನು ಕಳೆದುಕೊಂಡ ಹೆಂಗಸಿನ ಮೂಲವನ್ನು ಕಂಡುಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾದುದಿಲ್ಲ.

ಒಟ್ಟಿನಲ್ಲಿ ಪರ್ಯಾಲೋಚಿಸಿದರೆ, ಸ್ಕಾಟ್ಸ್-ಐರಿಷ್ ಎಂಬುದು ಒಂದು ರಕ್ತದ ಹೆಸರಲ್ಲ. ಗಡಿನಾಡಿನವರು, ತಗ್ಗುನಾಡಿನವರು, ಇಂಗ್ಲಿಷರು, ಹೆಸರು ಬದಲಾದ ಐರಿಷರು ಒಂದೇ ಪ್ರಾಂತದಲ್ಲಿ ಒಂದೆರಡು ಶತಮಾನ ಬಾಳಿ, ಅದೇ ಪ್ರಾಂತದ ಬಂದರುಗಳಿಂದ ಹೊರಟು, ಬಹುಕಾಲದ ಮೇಲೆ ಪಡೆದ ಹೆಸರು. ಮನೆತನದ ಐತಿಹ್ಯವನ್ನು ಅಲ್ಲಗಳೆಯಬೇಕಾದುದಿಲ್ಲ. ಅದು ಹುಡುಕಬೇಕಾದ ದಿಕ್ಕನ್ನು ತೋರಿಸುತ್ತದೆ. ಆದರೆ ಊರು, ಕಾಲ, ನೆರೆಯವರ ಸಾಕ್ಷ್ಯಗಳು ದೊರೆಯುವಲ್ಲಿಯವರೆಗೆ ಮಾತ್ರ ವಂಶವೃಕ್ಷವನ್ನು ಬರೆದು, ಅವು ನಿಂತೆಡೆಯಲ್ಲಿ ಲೇಖನಿಯನ್ನು ಕೆಳಗಿಡುವುದು ಅನ್ವೇಷಕನ ಧರ್ಮ. ಸುಟ್ಟ ಪುಟದ ಜಾಗದಲ್ಲಿ ಕಲ್ಪನೆಯ ಪುಟವನ್ನು ಹೊಲಿಯುವುದು ಪೂರ್ವಿಕರಿಗೆ ಮಾಡುವ ಗೌರವವಲ್ಲ.