ನೆಲದಡಿಯ ಟ್ಯಾಂಕು, ರಾಜ್ಯದ ಹೊಣೆ: ಕ್ಯಾಲಿಫೋರ್ನಿಯಾದ ಸೋರಿಕೆ ನಿಯಂತ್ರಣ ಮತ್ತು ಶುದ್ಧೀಕರಣ ನಿಧಿಯ ಒಂದು ಅಧ್ಯಯನ

1. ಪೀಠಿಕೆ

ನಮ್ಮ ಊರುಗಳ ಪೆಟ್ರೋಲ್ ಬಂಕಿನಲ್ಲಿ ಬೆಳಿಗ್ಗೆ ನಡೆಯುವ ಕೆಲಸವೊಂದಿದೆ. ಟ್ಯಾಂಕಿನ ಮುಚ್ಚಳ ತೆಗೆದು, ಅಳತೆಯ ಗುರುತುಗಳಿರುವ ಡಿಪ್ ರಾಡನ್ನು ತಳ ಮುಟ್ಟುವವರೆಗೆ ಇಳಿಸುತ್ತಾರೆ. ಮೇಲೆತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ನಿನ್ನೆ ಉಳಿದದ್ದು, ಲೋಡು ಬಂದದ್ದು, ಮಾರಿದ್ದು, ಇಂದು ಇರುವುದು: ಈ ನಾಲ್ಕೂ ತಾಳೆಯಾದರೆ ಲೆಕ್ಕ ಸರಿ. ತಾಳೆಯಾಗದೆ ಉಳಿದ ಎಣ್ಣೆ ಎಲ್ಲಿ ಹೋಯಿತು? ಮಣ್ಣಿಗೆ ಹೋಗಿದ್ದರೆ ಆ ವಿಷಯವನ್ನು ಯಾರು, ಯಾರಿಗೆ, ಯಾಕಾಗಿ ಹೇಳಬೇಕು?

ಅಮೆರಿಕದ ರಾಜ್ಯ ಸರ್ಕಾರಗಳು ನಾಲ್ಕು ದಶಕಗಳಿಂದ ಈ ಪ್ರಶ್ನೆಯ ಜೊತೆ ಗುದ್ದಾಡಿವೆ. ಕ್ಯಾಲಿಫೋರ್ನಿಯಾದ ಅನುಭವವನ್ನು ಮುಂದಿಟ್ಟುಕೊಂಡು ಈ ಲೇಖನ ಒಂದು ವಾದವನ್ನು ಮಂಡಿಸುತ್ತದೆ. ಸೋರಿಕೆಯನ್ನು ಮುಚ್ಚಿಡುವುದಕ್ಕಿಂತ ಒಪ್ಪಿಕೊಳ್ಳುವುದೇ ಮಾಲೀಕನಿಗೆ ಮೇಲು ಎನ್ನುವ ಸ್ಥಿತಿಯನ್ನು ನಿರ್ಮಿಸಿದಾಗ ಮಾತ್ರ ಇಂಥ ಕಾರ್ಯಕ್ರಮ ಫಲ ಕೊಡುತ್ತದೆ. ದಂಡದ ಕಾಠಿಣ್ಯ ಅದರ ಒಂದು ಭಾಗವಷ್ಟೇ.

2. ಒಂದು ಬಾವಿಯಿಂದ ಒಂದು ಶಾಸನ

1981ರ ಕೊನೆಯಲ್ಲಿ ಸ್ಯಾನ್ ಹೊಸೆ ನಗರದ ದಕ್ಷಿಣ ಭಾಗದಲ್ಲಿದ್ದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಾರ್ಖಾನೆಯ ನೆಲದಡಿಯ ಟ್ಯಾಂಕೊಂದು ಸೋರುತ್ತಿರುವುದು ತಿಳಿಯಿತು. ಅದರಲ್ಲಿದ್ದದ್ದು ಚಿಪ್ ತಯಾರಿಕೆಯಲ್ಲಿ ಬಳಸುವ ದ್ರಾವಕಗಳ ತ್ಯಾಜ್ಯ. ಹತ್ತಿರದ ಲಾಸ್ ಪಾಸಿಯೋಸ್ ಬಡಾವಣೆಗೆ ಕುಡಿಯುವ ನೀರು ಕೊಡುತ್ತಿದ್ದ ಗ್ರೇಟ್ ಓಕ್ಸ್ ಕಂಪನಿಯ ಬಾವಿಗೂ ಅದು ಸೇರಿತ್ತು. ಬಾವಿಯನ್ನು ಮುಚ್ಚಿದರು, ಜನರಿಗೆ ವಿಷಯ ಗೊತ್ತಾದದ್ದು 1982ರ ಜನವರಿಯಲ್ಲಿ, ಪತ್ರಿಕೆಯ ಮೂಲಕ. ಆ ಬಡಾವಣೆಯಲ್ಲಿ ಗರ್ಭಪಾತ ಮತ್ತು ಜನ್ಮಜಾತ ದೋಷಗಳ ಪ್ರಮಾಣ ಹೆಚ್ಚಿತ್ತೆಂದು ರಾಜ್ಯದ ಆರೋಗ್ಯ ಇಲಾಖೆಯ ಅಧ್ಯಯನ ಕಂಡುಕೊಂಡಿತು. ಸೋರಿಕೆಯೇ ಕಾರಣವೆಂದು ಖಚಿತವಾಗಿ ಸಾಬೀತುಪಡಿಸಲು ಅದಕ್ಕೆ ಆಗಲಿಲ್ಲ. ನೆಲದಡಿಯ ಮಾಲಿನ್ಯದ ಕ್ರೌರ್ಯ ಇರುವುದು ಇಲ್ಲೇ. ನೋವು ಮನೆಯೊಳಗಿರುತ್ತದೆ, ಪುರಾವೆ ಮಣ್ಣಿನೊಳಗೆ.

ಮುಂದೆ ನಡೆದದ್ದನ್ನು ಅದರ ಕ್ರಮದಲ್ಲೇ ಗಮನಿಸಬೇಕು. ಮೊದಲು ಎದ್ದು ನಿಂತವರು ಬಡಾವಣೆಯ ನಿವಾಸಿಗಳು. ಅವರ ಬೆನ್ನಿಗೆ ಸ್ಥಳೀಯ ಅಗ್ನಿಶಾಮಕ ಮುಖ್ಯಸ್ಥರ ನೆರವಿನಿಂದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಅಪಾಯಕಾರಿ ವಸ್ತುಗಳ ಸಂಗ್ರಹಕ್ಕೆ ಮಾದರಿ ನಿಯಮಾವಳಿ ರೂಪುಗೊಂಡಿತು. ನಗರಗಳು ಅದನ್ನು ಅಳವಡಿಸಿಕೊಂಡವು. 1983ರಲ್ಲಿ ರಾಜ್ಯ ಶಾಸನಸಭೆ ಅದೇ ತತ್ವದ ಮೇಲೆ ಭೂಗತ ಟ್ಯಾಂಕ್ ಕಾನೂನನ್ನು ಅಂಗೀಕರಿಸಿತು. 1984ರ ಜನವರಿ 1ರಿಂದ ಹೊಸ ಟ್ಯಾಂಕುಗಳಿಗೆ ಎರಡನೆಯ ಆವರಣ ಕಡ್ಡಾಯವಾಯಿತು, ಹಳೆಯವುಗಳ ಮೇಲೆ ನಿಗಾ ಆರಂಭವಾಯಿತು. ಒಕ್ಕೂಟ ಸರ್ಕಾರ ತನ್ನ ತ್ಯಾಜ್ಯ ಕಾನೂನಿಗೆ ಟ್ಯಾಂಕುಗಳ ಅಧ್ಯಾಯವನ್ನು ಸೇರಿಸಿದ್ದು ಅದಾದ ಮೇಲೆ, 1984ರ ನವೆಂಬರಿನಲ್ಲಿ. ಬಡಾವಣೆಯಿಂದ ನಗರಕ್ಕೆ, ನಗರದಿಂದ ರಾಜ್ಯಕ್ಕೆ, ರಾಜ್ಯದಿಂದ ವಾಷಿಂಗ್ಟನ್ನಿಗೆ ಕಾನೂನು ಹತ್ತಿ ಹೋಯಿತು.

3. ಅಳತೆಯ ಕಣ್ಣಿಗೆ ಬೀಳದ ಸೋರಿಕೆ

ಕಲುಷಿತ ಭೂಮಿಗೆಂದೇ 1980ರಲ್ಲಿ ಬಂದ ಸೂಪರ್‌ಫಂಡ್ ಕಾನೂನು ಪೆಟ್ರೋಲಿಯಂ ಅನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಹೀಗಾಗಿ ಬಂಕುಗಳ ಹೊಣೆ ಹೊಸ ಅಧ್ಯಾಯದ ಮೇಲೆ ಬಿತ್ತು. 1988ರ ನಿಯಮಗಳು ಜಾರಿಗೆ ಬಂದಾಗ ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಟ್ಯಾಂಕುಗಳಿದ್ದವು. ತುಕ್ಕು ತಡೆ, ಚೆಲ್ಲುವಿಕೆ ತಡೆ, ತುಂಬಿ ಹರಿಯದಂತೆ ತಡೆ ಇವನ್ನು ಅಳವಡಿಸಲು 1998ರ ಡಿಸೆಂಬರ್ 22ರವರೆಗೆ ಹತ್ತು ವರ್ಷದ ಗಡುವು ಕೊಟ್ಟರು.

ಆ ಅವಧಿಯಲ್ಲಿ ಹಲವು ಟ್ಯಾಂಕುಗಳಿಗೆ ಡಿಪ್ ರಾಡಿನ ಲೆಕ್ಕವನ್ನೇ ಸೋರಿಕೆ ಪತ್ತೆಯ ವಿಧಾನವಾಗಿ ಒಪ್ಪಲಾಗಿತ್ತು. ಜೊತೆಗೆ ಕಾಲಕಾಲಕ್ಕೆ ಬಿಗಿತದ ಪರೀಕ್ಷೆಯೂ ಇರಬೇಕಿತ್ತು. ತಿಂಗಳ ವ್ಯತ್ಯಾಸವು ಟ್ಯಾಂಕಿನ ಮೂಲಕ ಹಾದುಹೋದ ಎಣ್ಣೆಯ ಶೇ. 1 ಮತ್ತು ಅದರ ಮೇಲೆ 130 ಗ್ಯಾಲನ್ ಮೀರಬಾರದು ಎಂಬುದು ನಿಯಮ. ತಿಂಗಳಿಗೆ 50,000 ಗ್ಯಾಲನ್ ಮಾರುವ ಬಂಕಿಗೆ ಈ ಮಿತಿ 630 ಗ್ಯಾಲನ್ ಆಗುತ್ತದೆ, ಅಂದರೆ ಸುಮಾರು 2,385 ಲೀಟರ್. ಅದಕ್ಕಿಂತ ಕಡಿಮೆ ಸೋರಿದರೆ ರಿಜಿಸ್ಟರ್ ತಕರಾರು ಎತ್ತುವುದಿಲ್ಲ. ಬಾವಿ ಕೆಡಲು ಅದರ ಚೂರುಪಾರು ಸಾಕು. ಜೋಡಿಗೋಡೆಯ ಟ್ಯಾಂಕಿನಲ್ಲಿ ಒಳಗೋಡೆ ಬಿರಿದರೆ ಎಣ್ಣೆ ಎರಡು ಗೋಡೆಗಳ ನಡುವಿನ ಜಾಗದಲ್ಲೇ ನಿಲ್ಲುತ್ತದೆ, ಅಲ್ಲಿರುವ ಸೆನ್ಸರ್ ಎಚ್ಚರಿಸುತ್ತದೆ. ಮಣ್ಣು ಕೆಡುವ ಮೊದಲೇ ಸುದ್ದಿ ಸಿಗುತ್ತದೆ. ಕ್ಯಾಲಿಫೋರ್ನಿಯಾ 1984ರಲ್ಲೇ ಹಿಡಿದ ಈ ದಾರಿ ಪೆಟ್ರೋಲ್ ಟ್ಯಾಂಕುಗಳ ಮಟ್ಟಿಗೆ ಒಕ್ಕೂಟ ಕಾನೂನಿಗೆ ಬಂದದ್ದು 2005ರಲ್ಲಿ. ಉಳಿದಿದ್ದ ಒಂಟಿಗೋಡೆಯ ಟ್ಯಾಂಕುಗಳನ್ನು 2025ರ ಡಿಸೆಂಬರ್ 31ರೊಳಗೆ ಮುಚ್ಚಬೇಕೆಂದು 2014ರಲ್ಲೇ ಈ ರಾಜ್ಯ ವಿಧಿಸಿತ್ತು.

4. ನಿಧಿ ಎಂಬ ಧೈರ್ಯ

ಸೋರಿಕೆಯ ಸಂಶಯ ಬಂದರೆ 24 ಗಂಟೆಯೊಳಗೆ ವರದಿ ಮಾಡಬೇಕೆಂದು ಒಕ್ಕೂಟ ನಿಯಮ ಹೇಳುತ್ತದೆ. ಆದರೆ ಒಂದೇ ಬಂಕನ್ನು ನೆಚ್ಚಿಕೊಂಡ ಕುಟುಂಬಕ್ಕೆ ಮಣ್ಣು ಅಗೆದು, ಅಂತರ್ಜಲ ಶುದ್ಧಿ ಮಾಡಿಸುವ ವೆಚ್ಚವೆಂದರೆ ದಿವಾಳಿ. ಅಂಥವರಿಗೆ ಮೌನವೇ ಲೇಸೆನಿಸಿದರೆ ಅಚ್ಚರಿಯಿಲ್ಲ. ಪೆಟ್ರೋಲ್ ವ್ಯಾಪಾರಿಗಳು ಪ್ರತಿ ಘಟನೆಗೆ 10 ಲಕ್ಷ ಡಾಲರಿನಷ್ಟು ಆರ್ಥಿಕ ಭದ್ರತೆ ತೋರಿಸಬೇಕೆಂದು ಒಕ್ಕೂಟ ಸರ್ಕಾರ ವಿಧಿಸಿದಾಗ ಸಣ್ಣವರಿಗೆ ವಿಮೆ ಎಟುಕುವಂತಿರಲಿಲ್ಲ. ಆ ಕಂದರವನ್ನು ರಾಜ್ಯಗಳು ತುಂಬಿದವು. ಕ್ಯಾಲಿಫೋರ್ನಿಯಾದ 1989ರ ಬ್ಯಾರಿ ಕೀನ್ ಕಾಯ್ದೆ ಟ್ಯಾಂಕಿಗೆ ಬರುವ ಪ್ರತಿ ಗ್ಯಾಲನ್ನಿನ ಮೇಲೆ ಸಣ್ಣ ಶುಲ್ಕ ಹಾಕಿ, ಶುದ್ಧೀಕರಣದ ವೆಚ್ಚವನ್ನು ಮರಳಿಸುವ ನಿಧಿಯನ್ನು ಕಟ್ಟಿತು. ಮನೆಯ ಟ್ಯಾಂಕುಗಳ ಮಾಲೀಕರಿಗೂ ಸಣ್ಣ ವ್ಯಾಪಾರಿಗಳಿಗೂ ಮೊದಲ ಆದ್ಯತೆ. ಆದರೆ ಪರವಾನಗಿಯ ನಿಯಮಗಳನ್ನು ಪಾಲಿಸದವರು ಈ ಹಣಕ್ಕೆ ಅರ್ಹರಲ್ಲ.

ಈ ಷರತ್ತೇ ಯೋಜನೆಯ ತಿರುಳು. ಪರವಾನಗಿ ಪಡೆದು ನಿಯಮ ಪಾಲಿಸಿದವನಿಗೆ ನಿಧಿ ಸಿಗುತ್ತದೆ; ನಿಧಿ ಸಿಗುವುದೆಂದು ಗೊತ್ತಿದ್ದರೆ ಬಾಯಿ ಬಿಡುವ ಧೈರ್ಯ ಬರುತ್ತದೆ. ದೇಶದಾದ್ಯಂತ ದೃಢಪಟ್ಟ ಸೋರಿಕೆಗಳು ಐದು ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲಿನ ಶುದ್ಧೀಕರಣ ಮುಗಿದಿದೆ. ಮೂವತ್ತಕ್ಕೂ ಹೆಚ್ಚು ರಾಜ್ಯಗಳ ಇಂಥ ನಿಧಿಗಳಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

5. ಮಿತಿಗಳು

ಕಾನೂನು ಟ್ಯಾಂಕನ್ನು ನೋಡಿತು, ಅದರೊಳಗೆ ಏನಿದೆ ಎಂಬುದನ್ನು ಸಾಕಷ್ಟು ನೋಡಲಿಲ್ಲ. ಗಾಳಿ ಶುದ್ಧವಾಗಲೆಂದು ಪೆಟ್ರೋಲಿಗೆ ಬೆರೆಸಿದ ಎಂಟಿಬಿಇ ಎಂಬ ರಾಸಾಯನಿಕ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ. 1996ರಲ್ಲಿ ಸಾಂತಾ ಮೋನಿಕಾ ನಗರ ಚಾರ್ನಾಕ್ ಬಾವಿಗಳನ್ನು ಮುಚ್ಚಬೇಕಾಯಿತು. ಅವು ಮತ್ತೆ ಊರಿಗೆ ನೀರು ಕೊಡಲು ಸುಮಾರು 15 ವರ್ಷ ಹಿಡಿಯಿತು.

ಇನ್ನೊಂದು ಪ್ರಶ್ನೆ, ಎಷ್ಟು ಶುದ್ಧವಾದರೆ ಸಾಕು ಎಂಬುದು. ಪೆಟ್ರೋಲಿನ ಬೆಂಜೀನನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ, ಅದು ಬಹುತೇಕ ಕಡೆ ಹೆಚ್ಚು ದೂರ ಹರಡದೆ ನಿಲ್ಲುತ್ತದೆ ಎಂದು 1995ರ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಅಧ್ಯಯನ ತೋರಿಸಿತು. 2012ರಲ್ಲಿ ರಾಜ್ಯವು ಅಪಾಯ ಕಡಿಮೆಯಿರುವ ಪ್ರಕರಣಗಳನ್ನು ಮುಕ್ತಾಯಗೊಳಿಸುವ ನೀತಿಯನ್ನು ತಂದಿತು. ಹಣ ಅಗತ್ಯವಿರುವಲ್ಲಿಗೆ ಹರಿಯಲು ಇದು ಬೇಕು. ಆದರೆ ಮುಕ್ತಾಯವಾದ ಜಾಗದ ಮಣ್ಣಿನಲ್ಲಿ ಏನಾದರೂ ಉಳಿದಿದ್ದರೆ ನೆರೆಹೊರೆಗೆ ಅದು ಗೊತ್ತಿರಲೇಬೇಕು. ಜಿಯೋಟ್ರ್ಯಾಕರ್ ಎಂಬ ರಾಜ್ಯದ ಸಾರ್ವಜನಿಕ ನಕ್ಷೆಯಲ್ಲಿ ಯಾರು ಬೇಕಾದರೂ ತಮ್ಮ ವಿಳಾಸ ಹಾಕಿ, ಸುತ್ತಲಿನ ಪ್ರಕರಣಗಳನ್ನು ನೋಡಬಹುದು. ಆ ರಾಜ್ಯದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರೂ ನೋಡಬಹುದು.

6. ಉಪಸಂಹಾರ

2025ರ ಜುಲೈನಲ್ಲಿ ಭಾರತ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಶಂಕಿತ ಸ್ಥಳಗಳನ್ನು ಗುರುತಿಸುವ ಮೊದಲ ಕೆಲಸ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತದ್ದು, ಪ್ರಾಥಮಿಕ ಪರಿಶೀಲನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಸ್ಯಾನ್ ಹೊಸೆಯ ಅನುಭವ ಹೇಳುವಂತೆ ಈ ದಿಕ್ಕು ಸರಿಯಾದುದು, ಏಕೆಂದರೆ ನೀರಿನ ವಾಸನೆ ಬದಲಾದದ್ದು ಮೊದಲು ತಿಳಿಯುವುದು ಕೊಡ ಹಿಡಿದವರಿಗೆ.

ಆದರೆ ಗುರುತಿಸುವ ಹೊಣೆಯೊಂದೇ ಸಾಲದು. ಕೊಳವೆಬಾವಿಯನ್ನೇ ನಂಬಿ ಬದುಕುವ ಕರ್ನಾಟಕಕ್ಕೆ ಈ ಅಧ್ಯಯನದಿಂದ ಮೂರು ಪಾಠಗಳು ಸಿಗುತ್ತವೆ. ಬೆಂಕಿಯ ಭಯದಷ್ಟೇ ಅಂತರ್ಜಲದ ಕಾಳಜಿಯಿಂದಲೂ ಟ್ಯಾಂಕಿನ ತಪಾಸಣೆ ನಡೆಯಬೇಕು. ಸೋರಿಕೆಗೆ ಮೊದಲೇ ನಿಧಿ ಸಿದ್ಧವಿರಬೇಕು. ದಾಖಲೆ ಜನರ ಕೈಗೆ ಸಿಗಬೇಕು. ಆಗ, ಬೆಳಗಿನ ಡಿಪ್ ರಾಡಿನ ಲೆಕ್ಕ ತಪ್ಪಿದ ದಿನ, ಬಂಕಿನ ಮಾಲೀಕ ರಿಜಿಸ್ಟರಿನ ಅಂಕಿ ತಿದ್ದಲು ಪೆನ್ನು ತೆಗೆಯುವ ಬದಲು ಮಂಡಳಿಗೆ ಫೋನು ಮಾಡಿಯಾನು.