ಆಟಿಸಂ ಇರುವ ವಯಸ್ಕರ ಹಗಲು ಕೇಂದ್ರದ ಸಂಯೋಜನೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ

1. ವಿಷಯದ ವ್ಯಾಪ್ತಿ

ಆಟಿಸಂ ಜೀವಮಾನವಿಡೀ ಇರುವ ನರವಿಕಾಸದ ಸ್ಥಿತಿ. ಮಾತುಕತೆ ಮತ್ತು ಒಡನಾಟದಲ್ಲಿ ತೊಡಕು, ಕೆಲವೇ ವಿಷಯಗಳಲ್ಲಿ ತೀವ್ರ ಆಸಕ್ತಿ, ದಿನಚರಿ ಬದಲಾದರೆ ತಾಳಿಕೊಳ್ಳಲಾಗದ ತಳಮಳ, ಸದ್ದು, ಬೆಳಕು, ಸ್ಪರ್ಶಗಳ ಬಗ್ಗೆ ಅತಿಯಾದ ಅಥವಾ ತೀರಾ ಕಡಿಮೆ ಸಂವೇದನೆ ಇದರ ಮುಖ್ಯ ಲಕ್ಷಣಗಳು. ಆಟಿಸಂ ಕುರಿತು ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಪ್ರಕಟಿಸಿದ ಪ್ರಬಂಧ ಹನ್ನೊಂದು ಮಕ್ಕಳನ್ನು ಕುರಿತದ್ದಾಗಿತ್ತು. ಅಧ್ಯಯನ ಮಕ್ಕಳಿಂದ ಆರಂಭವಾದ ಕಾರಣ ಸೇವೆಗಳೂ ಬಹುಕಾಲ ಮಕ್ಕಳ ಸುತ್ತಲೇ ಬೆಳೆದವು. ಆ ಮಕ್ಕಳು ದೊಡ್ಡವರಾದ ಮೇಲೆ ಅವರ ಹಗಲು ಹೇಗೆ ಕಳೆಯಬೇಕು ಎಂಬ ಪ್ರಶ್ನೆಗೆ ಗಮನ ಸಿಕ್ಕಿದ್ದು ತಡವಾಗಿ.

ಇದೇ ಹನ್ನೊಂದು ಮಂದಿ ದೊಡ್ಡವರಾದ ಮೇಲೆ ಏನಾದರು ಎಂಬುದನ್ನು ಕ್ಯಾನರ್ 1971ರಲ್ಲಿ ಮತ್ತೆ ಪರಿಶೀಲಿಸಿದರು. ದೊಡ್ಡ ಸರಕಾರಿ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟವರು ಇದ್ದ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಮೊದಲ ಪ್ರಕರಣದ ಡೊನಾಲ್ಡ್ ಟ್ರಿಪ್ಲೆಟ್ ಬಾಲ್ಯದ ಕೆಲವು ವರ್ಷಗಳನ್ನು ಒಂದು ರೈತ ದಂಪತಿಯ ಮನೆಯಲ್ಲಿ ಕಳೆದಿದ್ದರು. ಎಣಿಸುವ, ಅಳೆಯುವ ಅವರ ಗೀಳನ್ನು ಆ ದಂಪತಿ ಜೋಳದ ಸಾಲು ಎಣಿಸುವುದಕ್ಕೆ, ಬಾವಿ ತೋಡಿ ಅದರ ಆಳ ಅಳೆಯುವುದಕ್ಕೆ ಬಳಸಿಕೊಂಡರು. ಮುಂದೆ ಅವರು ತಮ್ಮೂರಿನ ಬ್ಯಾಂಕಿನಲ್ಲಿ ನೌಕರಿ ಮಾಡಿದರು. ಪರಿಚಿತ ಪರಿಸರ, ಸ್ಪಷ್ಟವಾದ ಕೆಲಸ, ಗೀಳನ್ನು ಅಡಗಿಸದೆ ಕೆಲಸಕ್ಕೆ ತಿರುಗಿಸುವ ಹಿರಿಯರು ಈ ಮೂರೂ ಒಂದೆಡೆ ಕೂಡಿದಾಗ ವಯಸ್ಕ ಬದುಕು ಅರ್ಥಪೂರ್ಣವಾಗುತ್ತದೆ ಎಂಬುದಕ್ಕೆ ಇದು ಹಳೆಯ ಸಾಕ್ಷ್ಯ. ತೋಟ, ಗದ್ದೆ, ಕೊಟ್ಟಿಗೆಗಳ ಸುತ್ತ ಬದುಕು ಕಟ್ಟಿಕೊಂಡಿರುವ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ.

2. ಕಾನೂನು ಮತ್ತು ಯೋಜನೆಗಳ ಚೌಕಟ್ಟು

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಅಂಗವಿಕಲತೆ ಮತ್ತು ಬಹುವಿಧ ಅಂಗವಿಕಲತೆ ಇರುವವರನ್ನು ಒಟ್ಟಾಗಿ ಒಳಗೊಂಡಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳಲ್ಲಿ ಆಟಿಸಂಗೂ ಸ್ಥಾನ ಕೊಟ್ಟಿತು. ಇಂದು ನಡುವಯಸ್ಸಿನಲ್ಲಿರುವ ಎಷ್ಟೋ ಜನರ ಕೈಯಲ್ಲಿ ಬುದ್ಧಿಮಾಂದ್ಯದ ಪ್ರಮಾಣಪತ್ರ ಮಾತ್ರ ಇರುವ ಸಾಧ್ಯತೆಗೆ ಈ ಇತಿಹಾಸವೇ ಕಾರಣ. ಹಗಲು ಕೇಂದ್ರಕ್ಕೆ ಬರುವ ಪ್ರತಿಯೊಬ್ಬರ ಮರುಮೌಲ್ಯಮಾಪನ ಆದ್ದರಿಂದ ಸಂಯೋಜಕರ ಮೊದಲ ಹೊಣೆ. ಇದಕ್ಕಾಗಿ ಭಾರತದಲ್ಲಿ ರೂಪುಗೊಂಡ ಆಟಿಸಂ ಮಾಪಕವಿದೆ. ಅದರಲ್ಲಿ ಆರು ವಿಭಾಗಗಳಲ್ಲಿ 40 ಅಂಶಗಳಿದ್ದು, ಒಟ್ಟು ಅಂಕ 70 ಮುಟ್ಟಿದರೆ ಆಟಿಸಂ ಇದೆಯೆಂದು ಪರಿಗಣಿಸಲಾಗುತ್ತದೆ.

2016ರ ಕಾಯ್ದೆ 6ರಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಹದಿನೆಂಟು ತುಂಬಿದ ಬಳಿಕ ಶಾಲೆಯಂಥ ಖಚಿತ ನೆಲೆ ಉಳಿಯುವುದಿಲ್ಲ. ಈ ತೆರವನ್ನು ತುಂಬಲು ನೆರವಾಗುವಂತೆ ರಾಷ್ಟ್ರೀಯ ನ್ಯಾಸದ ‘ವಿಕಾಸ್’ ಯೋಜನೆ ಹತ್ತು ವರ್ಷ ಮೇಲ್ಪಟ್ಟವರಿಗೆ ಹಗಲು ಕೇಂದ್ರಗಳನ್ನು ಕಲ್ಪಿಸಿತು. ದಿನಕ್ಕೆ ಕನಿಷ್ಠ 6 ಗಂಟೆ, ತಿಂಗಳಿಗೆ ಕನಿಷ್ಠ 21 ದಿನ ಕೇಂದ್ರ ತೆರೆದಿರಬೇಕೆಂಬುದು ಅದರ ನಿಯಮವಾಗಿತ್ತು. ‘ನಿರಾಮಯ’ ವಿಮೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುತ್ತದೆ. ‘ಘರೌಂದಾ’ ಯೋಜನೆ ವಯಸ್ಕರ ವಸತಿಗೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಈ ಸೌಲಭ್ಯಗಳನ್ನು ಮನೆಗಳಿಗೆ ತಲುಪಿಸುವ ಕೊಂಡಿಗಳು.

3. ಮೂರು ತಾಲ್ಲೂಕುಗಳ ಪರಿಸರ

ಶಿರಸಿಯಿಂದ ಸಿದ್ದಾಪುರಕ್ಕೆ ಸುಮಾರು 35 ಕಿಲೋಮೀಟರ್, ಯಲ್ಲಾಪುರಕ್ಕೆ ಸುಮಾರು 50 ಕಿಲೋಮೀಟರ್. ಪೇಟೆಗಳ ನಡುವಿನ ದೂರಕ್ಕಿಂತ ಕಠಿಣವಾದದ್ದು ಮನೆಯಿಂದ ಬಸ್ಸು ನಿಲ್ಲುವ ಜಾಗದವರೆಗಿನ ದಾರಿ. ಇಲ್ಲಿನ ಮನೆಗಳು ಊರಾಗಿ ಒತ್ತೊತ್ತಾಗಿ ಕೂಡಿಲ್ಲ; ತೋಟದ ಕಣಿವೆಗಳಲ್ಲಿ, ಬೆಟ್ಟದ ಅಂಚಿನಲ್ಲಿ ಚದುರಿವೆ. ಮಳೆಗಾಲದಲ್ಲಿ ಹಳ್ಳ ತುಂಬಿ ಕಾಲುಸಂಕ ಮುಳುಗಿದರೆ ಬಸ್ಸಿನ ಹಾದಿಯೇ ಸಿಗುವುದಿಲ್ಲ.

ಆಸ್ಪತ್ರೆಯ ದಾರಿಯೂ ಮೂರು ಕಡೆಗೆ ಹರಿದುಹೋಗಿದೆ. ಜಿಲ್ಲಾ ಕೇಂದ್ರ ಕಾರವಾರ ಶಿರಸಿಯಿಂದ ನೂರು ಕಿಲೋಮೀಟರಿಗೂ ದೂರ. ಯಲ್ಲಾಪುರದವರಿಗೆ ಹುಬ್ಬಳ್ಳಿ, ಧಾರವಾಡ ಅನುಕೂಲ. ಸಿದ್ದಾಪುರದವರಿಗೆ ಸಾಗರ, ಶಿವಮೊಗ್ಗ ಹತ್ತಿರ. ಒಬ್ಬನೇ ವ್ಯಕ್ತಿಯ ದಾಖಲೆಗಳು ಎರಡು ಮೂರು ಊರುಗಳಲ್ಲಿ ಹಂಚಿಹೋಗುವುದು ಹೀಗೆ. ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋವೈದ್ಯರ ತಪಾಸಣೆ ಈ ಚದುರುವಿಕೆಯನ್ನು ತಕ್ಕಮಟ್ಟಿಗೆ ತಡೆಯಬಲ್ಲದು.

ವಿಶೇಷ ಶಿಕ್ಷಣದ ಅನುಭವ ಈ ಭಾಗಕ್ಕೆ ಹೊಸತಲ್ಲ. ಶಿರಸಿಯ ಅಜಿತ ಮನೋಚೇತನ ಸಂಸ್ಥೆ ಬೌದ್ಧಿಕ ಭಿನ್ನತೆಯ ಮಕ್ಕಳಿಗೂ, ಸಿದ್ದಾಪುರದ ಆಶಾಕಿರಣ ಸಂಸ್ಥೆ ಅಂಧ ಮಕ್ಕಳಿಗೂ ಶಾಲೆ ನಡೆಸುತ್ತ ಬಂದಿವೆ. ಆಟಿಸಂ ಇರುವ ವಯಸ್ಕರ ಅಗತ್ಯ ಇವೆರಡಕ್ಕಿಂತ ಬೇರೆಯಾದರೂ, ತರಬೇತಿ ಪಡೆದ ಶಿಕ್ಷಕರು ಮತ್ತು ಪಾಲಕರ ಸಂಪರ್ಕ ಇಂಥ ಸಂಸ್ಥೆಗಳ ಸುತ್ತ ಈಗಾಗಲೇ ಬೆಳೆದಿದೆ.

ಈ ಪರಿಸ್ಥಿತಿಯಲ್ಲಿ ಶಿರಸಿಯಲ್ಲೊಂದು ದೊಡ್ಡ ಕಟ್ಟಡ ಕಟ್ಟಿ ಮೂರೂ ತಾಲ್ಲೂಕಿನವರನ್ನು ದಿನವೂ ಅಲ್ಲಿಗೆ ಕರೆತರುವ ಮಾದರಿ ಫಲಿಸದು. ಆರು ಗಂಟೆಯ ಚಟುವಟಿಕೆಗೆ ನಾಲ್ಕು ಗಂಟೆಯ ಪ್ರಯಾಣ ಸೇರಿದರೆ, ಗದ್ದಲ ತಾಳದ ವ್ಯಕ್ತಿ ಕೇಂದ್ರ ಮುಟ್ಟುವಷ್ಟರಲ್ಲೇ ಬಸವಳಿದಿರುತ್ತಾನೆ. ಮೂರು ಪೇಟೆಗಳಲ್ಲಿ ಮೂರು ಚಿಕ್ಕ ಕೇಂದ್ರಗಳು, ಅವಕ್ಕೆಲ್ಲ ಒಂದೇ ವೇಳಾಪಟ್ಟಿ, ಒಂದೇ ಚಿತ್ರಸಂಕೇತ, ಒಂದೇ ದಾಖಲೆ ಪದ್ಧತಿ, ಒಬ್ಬರೇ ಸಂಯೋಜಕರು ಎಂಬ ವ್ಯವಸ್ಥೆ ಇಲ್ಲಿಗೆ ಒಪ್ಪುತ್ತದೆ. ಇಲ್ಲಿ ಸೇವೆಯ ಗುಣಮಟ್ಟ ನಿಂತಿರುವುದು ಸಂಯೋಜನೆಯ ಮೇಲೆ; ಕಟ್ಟಡದ ಪ್ರಶ್ನೆ ಅದರ ನಂತರದ್ದು.

4. ದಿನದ ರಚನೆ

ವಯಸ್ಕರ ಕೇಂದ್ರಗಳಿಗೆ ಹೆಚ್ಚು ಆಧಾರವಾಗಿರುವುದು ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ರೂಪಿಸಿದ, 1972ರಲ್ಲಿ ಆ ರಾಜ್ಯದಾದ್ಯಂತ ಜಾರಿಗೆ ಬಂದ ‘ಟೀಚ್’ ಪದ್ಧತಿ. ತಂದೆತಾಯಿಯರನ್ನು ಚಿಕಿತ್ಸೆಯ ಸಹಭಾಗಿಗಳೆಂದು ಗಣಿಸಿದ್ದು ಅದರ ದೊಡ್ಡ ಕೊಡುಗೆ. ಮಾಡಬೇಕಾದ ಕೆಲಸ ಯಾವುದು, ಎಷ್ಟು, ಮುಗಿಯಿತೆಂದು ತಿಳಿಯುವುದು ಹೇಗೆ, ಮುಂದೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಮಾತಿಲ್ಲದೆ ಕಣ್ಣಿಗೇ ಉತ್ತರ ಕಾಣಬೇಕೆಂಬುದು ಅದರ ತಿರುಳು.

ಇದರಂತೆ ಕೇಂದ್ರದ ಪ್ರತಿ ಮೂಲೆಗೂ ಒಂದೇ ಉದ್ದೇಶವಿರಬೇಕು. ಕೆಲಸದ ಮೇಜಿನಲ್ಲಿ ಊಟವಿಲ್ಲ. ವಿಶ್ರಾಂತಿಯ ಮೂಲೆಯಲ್ಲಿ ಕೆಲಸವಿಲ್ಲ. ಗೋಡೆಯ ಮೇಲೆ ಅಂದಿನ ಚಟುವಟಿಕೆಗಳ ಚಿತ್ರಗಳು ಎಡದಿಂದ ಬಲಕ್ಕೆ ಸಾಲಾಗಿರುತ್ತವೆ. ಮುಗಿದ ಚಿತ್ರವನ್ನು ಅವರೇ ತೆಗೆದು ಡಬ್ಬಿಗೆ ಹಾಕುತ್ತಾರೆ. ಬೆಳಗ್ಗೆ ಬಂದವರು ಚೀಲ ತೂಗುಹಾಕುವುದು, ತಮ್ಮ ಪಟ್ಟಿ ನೋಡುವುದು, ಮೊದಲ ಕೆಲಸ, ಚಹಾ, ತಿರುಗಾಟ, ಎರಡನೆಯ ಕೆಲಸ, ಊಟ, ವಿಶ್ರಾಂತಿ, ಅಡುಗೆಮನೆ ಮತ್ತು ಸ್ವಚ್ಛತೆಯ ಅಭ್ಯಾಸ, ಮರಳುವ ಸಿದ್ಧತೆ ಎಂಬ ಕ್ರಮ ವರ್ಷವಿಡೀ ಕದಲಬಾರದು. ಕ್ರಮ ಹಾಗೇ ಉಳಿದು ಕೆಲಸದ ಬಗೆ ಮಾತ್ರ ಋತುವಿಗೆ ತಕ್ಕಂತೆ ಬದಲಾಗುತ್ತದೆ.

ಕದಲದ ಕ್ರಮವನ್ನು ಕದಲಿಸುವ ಸಂಗತಿಗಳು ಮಲೆನಾಡಿನಲ್ಲಿ ಹಲವು. ಭಾರಿ ಮಳೆಗೆ ರಜೆ ಘೋಷಣೆಯಾಗುತ್ತದೆ, ಕರೆಂಟು ಹೋಗುತ್ತದೆ, ಬಸ್ಸು ತಪ್ಪುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಾದಾಗ ಶಿರಸಿ ಪೇಟೆಯ ಜನಸಂದಣಿ, ಧ್ವನಿವರ್ಧಕ, ಬದಲಾದ ಸಂಚಾರ ಇವೆಲ್ಲ ಒಟ್ಟಿಗೇ ಬರುತ್ತವೆ. ‘ಇಂದು ಬದಲಾವಣೆ’ ಎಂಬ ಅರ್ಥದ ಪ್ರತ್ಯೇಕ ಚಿತ್ರವೊಂದನ್ನು ಸಂಯೋಜಕರು ಮೊದಲೇ ಕಲಿಸಿ, ಮಳೆರಜೆಯ ದಿನ ಮನೆಯಲ್ಲೇ ಅದೇ ಕ್ರಮದಲ್ಲಿ ಮಾಡುವ ಕೆಲಸದ ಚೀಲವನ್ನು ಪ್ರತಿ ಮನೆಗೂ ಕೊಟ್ಟಿರಬೇಕು. ತಗಡಿನ ಮಾಡಿನ ಮೇಲೆ ಬೀಳುವ ಆಷಾಢದ ಮಳೆಯ ಸದ್ದು ಕಿವಿ ಸೂಕ್ಷ್ಮವಿರುವವರಿಗೆ ಹಿಂಸೆ. ಹೆಂಚಿನ ಅಥವಾ ಆರ್‌ಸಿಸಿ ಕಟ್ಟಡವನ್ನೇ ಆರಿಸಿಕೊಳ್ಳುವುದು ಈ ಭಾಗದಲ್ಲಿ ಮೂಲಭೂತ ಅಗತ್ಯ.

5. ಕೆಲಸ ಮತ್ತು ಗಳಿಕೆ

ಊದುಬತ್ತಿ, ಲಕೋಟೆ, ಮೇಣದಬತ್ತಿ ತಯಾರಿಕೆಗೆ ಸೀಮಿತವಾದ ತರಬೇತಿ ಮಾರುಕಟ್ಟೆಯಿಲ್ಲದೆ ಸೊರಗುತ್ತದೆ. ಘಟ್ಟದ ಮೇಲಿನ ಊರುಗಳಲ್ಲಿ ವರ್ಷವಿಡೀ ಬೇಡಿಕೆಯಿರುವ, ಹಂತಗಳಾಗಿ ಒಡೆಯಬಹುದಾದ ಕೆಲಸಗಳಿಗೆ ಕೊರತೆಯಿಲ್ಲ. 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಶಿರಸಿ ಅಡಿಕೆಯನ್ನು ಚಾಲಿ, ಬಿಳೆಗೋಟು, ಕೋಕ ಎಂಬ ದರ್ಜೆಗಳಾಗಿ ಬೇರ್ಪಡಿಸುವುದಕ್ಕೆ ಬೇಕಾದದ್ದು ಸಣ್ಣ ವ್ಯತ್ಯಾಸವನ್ನೂ ಬಿಡದ ಕಣ್ಣು ಮತ್ತು ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುವ ಮನಸ್ಸು. ಆಟಿಸಂ ಇರುವ ಹಲವರಲ್ಲಿ ಇವೆರಡೂ ಸಹಜ. ಮಳೆಗಾಲಕ್ಕೆ ಮುಂಚೆ ನರ್ಸರಿಯ ಕೊಟ್ಟೆಗಳಿಗೆ ಮಣ್ಣು ತುಂಬುವುದು, ಬೇಸಿಗೆಯಲ್ಲಿ ಕಾಳುಮೆಣಸು ಬಿಡಿಸಿ ಒಣಗಿಸುವುದು, ಹಲಸಿನ ಹಪ್ಪಳ ಒತ್ತುವುದು, ಅಡಿಕೆ ಹಾಳೆಯನ್ನು ತೊಳೆದು ತಟ್ಟೆಗೆ ಸಿದ್ಧಪಡಿಸುವುದು ಇವೂ ಆ ಬಗೆಯವೇ.

ಎಚ್ಚರಿಕೆಗಳೂ ಇವೆ. ಮೆಟಗತ್ತಿಯಲ್ಲಿ ಅಡಿಕೆ ಸುಲಿಯುವುದು ಎಲ್ಲರಿಗೂ ಹೊಂದದು. ಸುಲಿಯುವ ಯಂತ್ರದ ಗದ್ದಲ ಕೆಲವರಿಗೆ ಅಸಹನೀಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವವರನ್ನು ಆದ್ದರಿಂದ ಆ ಕೆಲಸಕ್ಕೆ ಕೂರಿಸಬಾರದು.

ಕೆಲಸ ತರುವ, ಮಾಡಿದ್ದನ್ನು ಕೊಳ್ಳುವ ಏರ್ಪಾಡಿಗೆ ಈ ಭಾಗದ ಸಹಕಾರಿ ಪರಂಪರೆ ಆಸರೆಯಾಗಬಲ್ಲದು. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಮೊದಲುಗೊಂಡು ಹಳ್ಳಿಗಳ ಸೇವಾ ಸಹಕಾರಿ ಸಂಘಗಳವರೆಗೆ ಗೋದಾಮು, ಲೆಕ್ಕ, ಮಾರಾಟದ ಅನುಭವ ಎಲ್ಲವೂ ಇವೆ. ಗಳಿಸಿದ ಹಣ ಆ ವ್ಯಕ್ತಿಯ ಹೆಸರಿನ ಖಾತೆಗೇ ಜಮೆಯಾಗಬೇಕು. ದುಡಿದವರಿಗೆ ಕೂಲಿ ಕೊಡದ ಕೇಂದ್ರ ತರಬೇತಿಯ ಹೆಸರಿನಲ್ಲಿ ಬಿಟ್ಟಿ ಮಾಡಿಸಿಕೊಂಡಂತೆ.

6. ಸಂವಹನ, ವರ್ತನೆ, ಆರೋಗ್ಯ

ಹವಿಗನ್ನಡ, ಕೊಂಕಣಿ, ಮರಾಠಿ ನುಡಿಗಳು ಇಲ್ಲಿನ ಮನೆಗಳಲ್ಲಿ ಕೇಳುತ್ತವೆ. ಯಲ್ಲಾಪುರ ಸೀಮೆಯ ಸಿದ್ದಿ ಮತ್ತು ಗೌಳಿ ಕುಟುಂಬಗಳ ಮನೆಮಾತು ಶಾಲೆಯ ಕನ್ನಡವಲ್ಲ. ಕೆಲವೇ ಪದಗಳನ್ನು ಗ್ರಹಿಸುವ ವ್ಯಕ್ತಿಗೆ ಕೇಂದ್ರದಲ್ಲಿ ಬೇರೆ ಪದ ಬಳಸಿದರೆ ಕಲಿತದ್ದೂ ಕೈಬಿಡುತ್ತದೆ. ಪ್ರವೇಶದ ದಿನವೇ ನೀರು, ಊಟ, ನೋವು, ಬೇಡ, ಶೌಚ ಮುಂತಾದವಕ್ಕೆ ಮನೆಯಲ್ಲಿ ಬಳಸುವ ಪದಗಳನ್ನು ಬರೆದುಕೊಂಡು ಸಿಬ್ಬಂದಿ ಅವನ್ನೇ ಬಳಸಬೇಕು. ಮಾತಿಲ್ಲದವರಿಗೆ ಚಿತ್ರಕಾರ್ಡುಗಳು ಆಧಾರ.

ಕೂಗಾಟ, ತನ್ನನ್ನೇ ಹೊಡೆದುಕೊಳ್ಳುವುದು, ಓಡಿಹೋಗುವುದು ಇವು ಹಟವೆಂದು ಕಂಡರೂ ಬಹುಪಾಲು ಏನನ್ನೋ ತಿಳಿಸುವ ಯತ್ನಗಳು. ಅದಕ್ಕೆ ಮುಂಚೆ ಏನಾಯಿತು, ಆಗ ಏನು ಮಾಡಿದರು, ನಂತರ ಏನು ಸಿಕ್ಕಿತು ಎಂಬ ಮೂರು ಅಂಕಣಗಳ ದಾಖಲೆ ಕೆಲವು ವಾರಗಳಲ್ಲಿ ಕಾರಣವನ್ನು ತೋರಿಸಿಕೊಡುತ್ತದೆ. ಹಲ್ಲುನೋವು, ಮಲಬದ್ಧತೆ, ನಿದ್ದೆಗೇಡು ಅನೇಕ ಬಾರಿ ಮೂಲದಲ್ಲಿರುತ್ತವೆ. ಅಪಸ್ಮಾರ ಆಟಿಸಂ ಇರುವವರಲ್ಲಿ ಇತರರಿಗಿಂತ ಹೆಚ್ಚು. ಔಷಧದ ಹೊತ್ತು ಮತ್ತು ಸೆಳವಿನ ದಾಖಲೆ ಕೇಂದ್ರದಲ್ಲೂ ಮನೆಯಲ್ಲೂ ಒಂದೇ ಪುಸ್ತಕದಲ್ಲಿರಬೇಕು. ಮುಟ್ಟಿನ ದಿನಗಳ ಸ್ವಚ್ಛತೆ ಮತ್ತು ಮೈಮುಟ್ಟುವ ಮಿತಿಗಳ ಪಾಠಕ್ಕೆ ಮಹಿಳಾ ಸಿಬ್ಬಂದಿ ಅನಿವಾರ್ಯ.

ಸ್ಥಳೀಯ ಅಪಾಯಗಳಿಗೆ ಪ್ರತ್ಯೇಕ ಯೋಜನೆ ಬೇಕು. ತೆರೆದ ಬಾವಿ, ಕೆರೆ, ಹಳ್ಳ ಹತ್ತಿರವಿರುವಲ್ಲಿ ಅಲೆದಾಡುವ ಸ್ವಭಾವ ಪ್ರಾಣಕ್ಕೆ ಎರವಾಗಬಹುದು. ಸಿದ್ದಾಪುರದ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರ ಭಾಗದಲ್ಲೂ ಕಾಣಿಸಿಕೊಂಡಿದೆ. ತಲೆನೋವು, ಮೈಕೈನೋವನ್ನು ಹೇಳಿಕೊಳ್ಳಲಾಗದ ವ್ಯಕ್ತಿಯನ್ನು ಬೇಸಿಗೆಯಲ್ಲಿ ಕಾಡಿನಂಚಿಗೆ ತಿರುಗಾಡಿಸುವುದನ್ನು ನಿಲ್ಲಿಸಬೇಕು. ಮೈಮೇಲೆ ಈ ಕಾಯಿಲೆ ಹರಡುವ ಉಣುಗು ಇದೆಯೇ ಎಂದು ನೋಡಬೇಕು, ಜ್ವರ ಕಂಡ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

7. ಕುಟುಂಬ ಮತ್ತು ಪಾಲಕತ್ವ

ಸಂಯೋಜಕರ ಮುಂದಿರುವ ಅತಿ ಗುರುತರ ಪ್ರಶ್ನೆ ತಂದೆತಾಯಿಯರ ಕಾಲಾನಂತರದ್ದು. ಬೇರೆ ಮಕ್ಕಳು ಕೆಲಸಕ್ಕೆಂದು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ವೃದ್ಧ ದಂಪತಿಯೊಂದಿಗೆ ಆಟಿಸಂ ಇರುವ ಮಗನೋ ಮಗಳೋ ಉಳಿದಿರುವ ಸಂಸಾರಗಳಿಗೆ ಹಗಲು ಕೇಂದ್ರ ಬಿಡುವಿನ ಜೊತೆಗೆ ಭರವಸೆಯನ್ನೂ ಕೊಡಬೇಕು. ಹದಿನೆಂಟು ತುಂಬಿದ ಮೇಲೆ ತಂದೆತಾಯಿ ಕಾನೂನಿನ ಪ್ರಕಾರ ತಾವಾಗಿಯೇ ಪಾಲಕರಾಗಿ ಮುಂದುವರಿಯುವುದಿಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ಸದಸ್ಯರಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ನೇಮಕಗೊಂಡ ಪಾಲಕರು ಆರು ತಿಂಗಳೊಳಗೆ ಸ್ಥಿರಾಸ್ತಿಯ ಪಟ್ಟಿ ಒಪ್ಪಿಸಿ, ವರ್ಷವರ್ಷವೂ ಲೆಕ್ಕ ಕೊಡಬೇಕು. ತೋಟದ ಹಿಸ್ಸೆಯ ಹೊತ್ತಿನಲ್ಲಿ ಆಟಿಸಂ ಇರುವವರ ಪಾಲು ಕೈತಪ್ಪದಂತೆ ಕಾಯುವ ಕಾನೂನಿನ ಬೇಲಿ ಇದು. 2016ರ ಕಾಯ್ದೆ ಸೀಮಿತ ಪಾಲಕತ್ವಕ್ಕೆ ಒತ್ತು ಕೊಟ್ಟಿರುವುದರಿಂದ ಆ ವ್ಯಕ್ತಿಯ ಇಷ್ಟಾನಿಷ್ಟವನ್ನು ಕೇಳಿಯೇ ತೀರ್ಮಾನಿಸಬೇಕು.

8. ಉಪಸಂಹಾರ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಆಟಿಸಂ ಇರುವ ವಯಸ್ಕರ ಹಗಲು ಕೇಂದ್ರಕ್ಕೆ ಬೇಕಾದ ಕಾನೂನು, ಕೆಲಸ, ಸಹಕಾರಿ ಸಂಘ, ಪುನರ್ವಸತಿ ಕಾರ್ಯಕರ್ತರು, ಆಸ್ಪತ್ರೆ ಇವೆಲ್ಲ ಬಿಡಿಬಿಡಿಯಾಗಿ ಇವೆ. ಇವನ್ನು ಒಬ್ಬ ವ್ಯಕ್ತಿಯ ಒಂದು ದಿನದ ಸುತ್ತ ಜೋಡಿಸುವ ಪೂರ್ಣಾವಧಿಯ, ತರಬೇತಿ ಪಡೆದ, ತಕ್ಕ ಸಂಬಳವಿರುವ ಸಂಯೋಜಕರ ಹುದ್ದೆ ಮೊದಲು ಸೃಷ್ಟಿಯಾಗಬೇಕು. ಜಿಲ್ಲಾಡಳಿತ, ಸಹಕಾರಿ ಸಂಘಗಳು ಮತ್ತು ಪಾಲಕರು ಕೂಡಿ ಈ ಹೊಣೆ ಹೊತ್ತರೆ, ಶಾಲೆ ಮುಗಿದ ಮರುದಿನದಿಂದ ಮನೆಯ ಜಗಲಿಗೆ ಸೀಮಿತವಾಗುವ ಬದುಕುಗಳಿಗೆ ದುಡಿಮೆಯೂ ಗೌರವವೂ ದೊರೆಯುತ್ತವೆ.