ಲಿಸ್ಪ್‌ನಲ್ಲಿ ಉದ್ಧರಣೆ ಮತ್ತು ಮ್ಯಾಕ್ರೊ

ಲಿಸ್ಪ್ ಮಾದರಿಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಂಕೇತದ ಒಂದು ತುಣುಕನ್ನು ನಡೆಸದೆ, ಬರೆದಂತೆಯೇ ಹಿಡಿದಿಡುವುದಕ್ಕೆ ಕ್ವೋಟ್ ಅಥವಾ ಉದ್ಧರಣೆ ಎಂದು ಹೆಸರು. ಹಾಗೆ ಹಿಡಿದ ತುಣುಕುಗಳಿಂದ ಹೊಸ ಸಂಕೇತವನ್ನು ಕಟ್ಟಿಕೊಡುವುದು ಮ್ಯಾಕ್ರೊ. (+ 2 3) ಎಂದು ಬರೆದರೆ ಉತ್ತರ 5. '(+ 2 3) ಎಂದು ಬರೆದರೆ ಲೆಕ್ಕ ನಡೆಯುವುದಿಲ್ಲ, ಮೂರು ಅಂಶಗಳ ಆ ಪಟ್ಟಿಯೇ ಮರಳಿ ಬರುತ್ತದೆ.

ಅಪ್ಪಣೆಯನ್ನು ಪಾಲಿಸುವುದು ಬೇರೆ, ಅಪ್ಪಣೆಯ ಮಾತನ್ನು ದಾಟಿಸುವುದು ಬೇರೆ. ಈ ತೊಡಕು ಕಂಪ್ಯೂಟರಿಗಿಂತ ಬಹಳ ಹಳೆಯದು. ಚಳ್ಳಕೆರೆಯ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಕಿರು ಬಂಡೆಶಾಸನಗಳಿವೆ, ಬಿ.ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನ ದೊರೆಯ ಮಾತಿನಿಂದ ಶುರುವಾಗುವುದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಹೇಳಿಕಳಿಸಿದ್ದಾರೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೀಗೆ ತಿಳಿಸಬೇಕು ಎಂಬ ಒಕ್ಕಣೆ ಮೊದಲು. ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆ ಅದರ ಒಳಗೆ. ಅಶೋಕನ ಇನ್ನೊಂದು ಶಾಸನವಿರುವ ಮಸ್ಕಿಯ ಬಂಡೆಯಲ್ಲಿ ಈ ಒಕ್ಕಣೆ ಇಲ್ಲ. ಅಧಿಕಾರಿಗಳ ಕಣ್ಣಿಗಷ್ಟೇ ಬೀಳಬೇಕಿದ್ದ ಹೊರಪದರವನ್ನು ಬ್ರಹ್ಮಗಿರಿಯಲ್ಲಿ ಬಿಡಿಸದೆ ಕಲ್ಲಿಗೇರಿಸಿದ್ದಾರೆ. ಚರಿತ್ರೆಕಾರರಿಗಂತೂ ಅದರಿಂದ ಲಾಭವೇ ಆಯಿತು. ಲಿಸ್ಪ್ ಕಲಿಯುವವರು ಎಡವುವುದೂ ಇಲ್ಲೇ: ಯಾವ ಪದರ ಬಿಡಿಸಬೇಕು, ಯಾವುದನ್ನು ಹಾಗೇ ಇಡಬೇಕು?

ಲಿಸ್ಪ್‌ನ ಜನಕ ಜಾನ್ ಮೆಕಾರ್ಥಿ 1960ರ ಪ್ರಬಂಧದಲ್ಲಿ ಪ್ರೋಗ್ರಾಮು, ದತ್ತಾಂಶ ಎರಡನ್ನೂ ಒಂದೇ ಬಗೆಯ ಪಟ್ಟಿಗಳಾಗಿ ಬರೆದು ತೋರಿಸಿದರು. ಅವೆರಡನ್ನು ಬೇರ್ಪಡಿಸಲು ಕ್ವೋಟ್ ಬೇಕಾಯಿತು. ಅದೇ ಪ್ರಬಂಧದ, ಸಂಕೇತವನ್ನು ಲೆಕ್ಕಹಾಕುವ 'ಇವ್ಯಾಲ್' ಕಾಗದದ ಮೇಲಿನ ಗಣಿತವಾಗಿತ್ತು; ಸ್ಟೀವ್ ರಸೆಲ್ ಅದನ್ನು ಐಬಿಎಂ 704 ಯಂತ್ರದ ಮೇಲೆ ನಡೆಸಿಯೇಬಿಟ್ಟರು.

ಲಿಸ್ಪ್‌ಗೆ ಮ್ಯಾಕ್ರೊ ಬಂದದ್ದು 1963ರಲ್ಲಿ, ಎಂಐಟಿಯ ಟಿಮೋತಿ ಹಾರ್ಟ್ ಬರೆದ ಟಿಪ್ಪಣಿಯಿಂದ. 'ಬಾಗಿಲು ಮುಚ್ಚಿರದಿದ್ದರೆ ಗಂಟೆ ಬಾರಿಸು' ಎಂಬುದನ್ನು ಸಾಮಾನ್ಯ ಫಂಕ್ಷನ್ನಿಗೆ ವಹಿಸಿದರೆ ಬಾಗಿಲನ್ನು ನೋಡುವ ಮೊದಲೇ ಗಂಟೆ ಬಾರಿಸಿಯಾಗಿರುತ್ತದೆ, ಏಕೆಂದರೆ ಫಂಕ್ಷನ್ ಕೈಗೆ ಸಿಗುವುದು ಆಗಲೇ ಲೆಕ್ಕವಾದ ಬೆಲೆಗಳು. ಮ್ಯಾಕ್ರೊ ಕೈಗೆ ಸಿಗುವುದು ಬರಹವೇ. ಅದನ್ನು ಬೇಕಾದಂತೆ ಜೋಡಿಸಿ ಮರಳಿಸುತ್ತದೆ, ನಡೆಯುವುದು ಆಮೇಲೆ. ಇದೇ ಕೆಲಸಕ್ಕಿದ್ದ ಹಳೆಯ 'ಫೆಕ್ಸ್‌ಪರ್'ಗಳು ಕಂಪೈಲರನ್ನು ಗೊಂದಲಕ್ಕೆ ಕೆಡವುತ್ತಿದ್ದವು. 1980ರಲ್ಲಿ ಕೆಂಟ್ ಪಿಟ್ಮನ್ ಅವುಗಳ ವಿರುದ್ಧ ವಾದಿಸಿದರು.

ಮೊದಮೊದಲು ಪಟ್ಟಿಗಳನ್ನು ಕೈಯಾರೆ ಪೋಣಿಸಬೇಕಿತ್ತು, ಓದಲು ಯಾತನೆ. 1970ರ ದಶಕದಲ್ಲಿ ಹಿಮ್ಮುಖ ಉದ್ಧರಣ ಚಿಹ್ನೆ (ಬ್ಯಾಕ್‌ಕ್ವೋಟ್) ಬಳಕೆಗೆ ಬಂತು: `(ಇಫ್ ,ಷರತ್ತು () ,ಕೆಲಸ) ಎಂದು ಬರೆದರೆ ಅಲ್ಪವಿರಾಮ ಬಿದ್ದೆಡೆ ಮಾತ್ರ ಬೆಲೆ ತುಂಬಿ, ಉಳಿದದ್ದು ಬರೆದಂತೆಯೇ ನಿಲ್ಲುತ್ತದೆ. ಇದರ ಮೂಲ ಕಲ್ಪನೆ ತತ್ತ್ವಜ್ಞಾನಿ ಕ್ವೈನ್ 1940ರಲ್ಲಿ ತರ್ಕಶಾಸ್ತ್ರಕ್ಕೆಂದು ರೂಪಿಸಿದ್ದು. ಮ್ಯಾಕ್ರೊವನ್ನು ಸಾಮಾನ್ಯರ ಕೈಗೆ ತಂದದ್ದು, ನಿಜ ಹೇಳಬೇಕೆಂದರೆ, ಈ ಪುಟ್ಟ ಗೀಟೇ.

ಇನ್ನೊಂದು ಪೀಡೆ ಉಳಿದಿತ್ತು. ಮ್ಯಾಕ್ರೊ ಒಳಗೆ ಬಳಸಿದ ಹೆಸರು, ಬಳಸುವವರ ಸಂಕೇತದಲ್ಲೂ ಇದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ. 1986ರಲ್ಲಿ ಕೋಲ್‌ಬೆಕರ್, ಫ್ರೀಡ್‌ಮನ್, ಫೆಲೈಸನ್, ಡುಬಾ ಹೆಸರುಗಳು ಬೆರೆಯದ 'ಹೈಜೀನಿಕ್' ವಿಸ್ತರಣೆಯನ್ನು ವಿವರಿಸಿದರು. ಲಿಸ್ಪ್ ಕುಟುಂಬದ ಸ್ಕೀಮ್ ಭಾಷೆ ಅದನ್ನು 1991ರ ವರದಿಯ ಅನುಬಂಧದಲ್ಲಿಟ್ಟು, 1998ರಲ್ಲಿ ಭಾಷೆಯ ಒಳಗೇ ತಂದಿತು. 1994ರ ಕಾಮನ್ ಲಿಸ್ಪ್ ಮಾನದಂಡ ಆ ದಾರಿ ಹಿಡಿಯಲಿಲ್ಲ. ಅಲ್ಲಿ ಇಂದಿಗೂ 'ಜೆನ್‌ಸಿಮ್' ಕರೆದು ಹೊಸ ಹೆಸರು ಹುಟ್ಟಿಸಿಕೊಳ್ಳುವ ಹೊಣೆ ಬರೆಯುವವರದೇ.